ಅಂಬಡ್‌ನ ಸುರಹೊನ್ನೆ

ಕೋಟದ ಕಡಲದಂಡೆಯ ತವರಿನಿಂದ ಐದು ಸುರಹೊನ್ನೆ ಕಾಯಿ ತಂದು ಅನಸೂಯ ನಾಸಿಕ್‌ನಲ್ಲಿ ಊರಿದಾಗ ಗಂಡ ಕಿಟ್ಟಣ್ಣನೇ ನಕ್ಕಿದ್ದ. ಅಲ್ಲಿನ ಅಂಬಡ್ ಬಡಾವಣೆಯ ಕಾರ್ಖಾನೆಗಳ ನಡುವೆ ಅವರದೊಂದು ಸಸ್ಯಾಹಾರಿ ಹೋಟೆಲು, ಹಿಂದೊಂದು ಪುಟ್ಟ ಹಿತ್ತಲು. ಉಪ್ಪುಗಾಳಿಗೂ ಬರಿ ಮರಳಿಗೂ ಜಗ್ಗದ ಮರ ಇಲ್ಲೇಕೆ ಬದುಕದು ಎಂಬುದು ಅವಳ ಹಟ.

“ಸಮುದ್ರದ ದಂಡಿ ಗಿಡ ಐತ್ರಿ ಅಕ್ಕಾರ. ಇಲ್ಲಿ ಥಂಡಿಗೆ ತಡಿಯೂದಿಲ್ಲ,” ಎಂದರು ಮಹಾದೇವಪ್ಪ. ಧಾರವಾಡದವರು, ಬ್ಯಾಂಕಿನಿಂದ ನಿವೃತ್ತರಾಗಿ ಇಲ್ಲೇ ನೆಲೆಸಿ, ದಿನಾ ಇಡ್ಲಿಗೆ ಬರುತ್ತಿದ್ದರು.

“ನೋಡುವ ಮಾರಾಯ್ರೆ,” ಎಂದಳು ಅನಸೂಯ.

ನಾಲ್ಕು ಕಾಯಿ ಕೊಳೆತವು. ಗುಂಡುಕಲ್ಲಿನಿಂದ ಮೆಲ್ಲಗೆ ಚಿಪ್ಪು ಬಿರಿಸಿ ಊರಿದ್ದೊಂದು ಮೊಳೆಯಿತು. ಮೊದಲ ಜನವರಿಯ ಚಳಿಗೆ ಅದರ ಎಲೆಯೆಲ್ಲ ಕಪ್ಪಾಗಿ ಉದುರಿತು. ಅವಳು ಉಗುರಿನಿಂದ ಕಾಂಡ ಗೀರಿ ನೋಡಿದಳು. ಒಳಗೆ ಇನ್ನೂ ಹಸಿರಿತ್ತು. ಲಾಸಲಗಾಂವ್‌ನಿಂದ ಈರುಳ್ಳಿ ತಂದ ಗೋಣಿಚೀಲಗಳನ್ನೇ ಹೊದಿಸಿದಳು. ಫೆಬ್ರವರಿ ಕೊನೆಗೆ ಎರಡು ಚಿಗುರು ಬಂತು.

ಗಿಡ ಹೆಂಚಿನ ಎತ್ತರಕ್ಕೆ ಬಂದಿದ್ದಾಗ ಕಟ್ಟಡದ ಮಾಲೀಕ ಜಯಂತ್ ಬಂದ. ಬೈಕು ನಿಲ್ಲಿಸಲು ಹಿತ್ತಲಿಗೆ ಕಾಂಕ್ರೀಟು ಹಾಕಿಸುತ್ತಾನಂತೆ. “ವಹಿನಿ, ಝಾಡ ಕಾಢಾವಂ ಲಾಗೇಲ,” ಎಂದ. ಅತ್ತಿಗೆ, ಮರ ತೆಗೆಯಲೇಬೇಕು ಎಂದು.

ಅನಸೂಯ ಜಗಳವಾಡಲಿಲ್ಲ. ಒಂದು ವಾರದ ಗಡುವು ಕೇಳಿಕೊಂಡಳು. ಸುಣ್ಣದ ಪುಡಿಯಿಂದ ನೆಲದ ಮೇಲೆ ಓರೆಗೆರೆಗಳನ್ನು ಎಳೆದಳು. ಮಧ್ಯಾಹ್ನ ಊಟಕ್ಕೆ ಬಂದ ಕಾರ್ಮಿಕರಿಗೆಲ್ಲ ಆ ಗೆರೆಯ ಮೇಲೇ ಬೈಕು ನಿಲ್ಲಿಸಲು ಹೇಳಿ, ಜಯಂತನನ್ನು ಕರೆದಳು. ಅವನು ಎರಡೆರಡು ಸಲ ಎಣಿಸಿದ. ಮರವನ್ನು ಬಿಟ್ಟೂ ಅವನು ಅಂದಾಜು ಮಾಡಿದ್ದಕ್ಕಿಂತ ಮೂರು ಬೈಕು ಹೆಚ್ಚಿಗೆ ನಿಂತಿದ್ದವು. ಕಾಂಕ್ರೀಟು ಬುಡದಿಂದ ನಾಲ್ಕಡಿ ದೂರದಲ್ಲೇ ನಿಂತಿತು.

ಒಂಬತ್ತನೆಯ ವರ್ಷ, ಜೂನ್‌ನ ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ, ಸಾಂಬಾರಿಗೆ ಬೇಳೆ ತೊಳೆಯುತ್ತಿದ್ದವಳ ಕೈ ನಿಂತಿತು. ಕಿಟಕಿಯಿಂದ ಕಂಪು ಬರುತ್ತಿತ್ತು. ಹಿತ್ತಲಿಗೆ ಓಡಿದಳು. ದಪ್ಪ ಎಲೆಗಳ ನಡುವೆ ಗೊಂಚಲು ಗೊಂಚಲು ಬಿಳಿ ಹೂ, ಒಡಲಲ್ಲಿ ಹಳದಿ ಕೇಸರ. ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು.

ಪಾಳಿ ಮುಗಿಸಿ ಹೊರಟವರು ಬೈಕು ಹತ್ತದೆ ತಲೆಯೆತ್ತಿ ನಿಂತರು. ಮಹಾದೇವಪ್ಪ ಇಡ್ಲಿ ಬಿಟ್ಟು ಎದ್ದುಬಂದರು.

“ನಾ ಸೋತೆ ನೋಡ್ರಿ ಅಕ್ಕಾರ. ನನ್ನ ಮಗಳು ಸಂಭಾಜಿನಗರದಾಗ ಮನಿ ಕಟ್ಟ್ಯಾಳ. ಕಾಯಿ ಆದ್ರ ಆಕಿಗೊಂದು ಕೊಡ್ರಿ.”

“ಕೊಡುವ. ಊರಲಿಕ್ಕೆ ನಾನೇ ಬರ್ತೇನೆ,” ಎಂದಳು.

ಆ ದಿನ ಕಿಟ್ಟಣ್ಣ ಹಾಲುಪಾಯಸ ಮಾಡಿಸಿ ಬಂದವರಿಗೆಲ್ಲ ಒಂದೊಂದು ಲೋಟ ಹಂಚಿದ. ಏನು ವಿಶೇಷವೆಂದು ಕೇಳಿದವರ ಕೈಹಿಡಿದು ಹಿತ್ತಲಿಗೆ ಕರೆದೊಯ್ದು, “ನನ್ನ ಹೆಂಡತಿ ಬೆಳೆಸಿದ್ದು,” ಎಂದು ತೋರಿಸಿದ. ಮುಡಿಗೆ ಹೂ ಸಿಕ್ಕಿಸಿಕೊಂಡ ಅನಸೂಯ ಅಂದು ಒಲೆಯ ಕಡೆಗೆ ಹೋಗಲೇ ಇಲ್ಲ.