ಮಾದಪ್ಪ ಕಟ್ಟಿದ ಬಸ್ ಶೆಡ್ಡು

"ನಿನ್ನ ಮಾವನ ಹೆಸರು ಯಾಕೋ ಇಲ್ಲಿ? ಆ ಮನುಷ್ಯ ಒಂದು ಕಲ್ಲಾದ್ರೂ ಹೊತ್ತಿದ್ನಾ?"

ಮಲ್ಲಿಗಮ್ಮ ಪೊರಕೆಯ ಹಿಡಿಯಿಂದ ಶೆಡ್ಡಿನ ಗೋಡೆಗೆ ಕುಟ್ಟಿದಳು. ಹಸಿ ಹಳದಿ ಬಣ್ಣ ಹಿಡಿಗೂ ಮೆತ್ತಿಕೊಂಡಿತು.

"ಬಣ್ಣ ಹೊಡೆಸಿದ್ದು ನಾನು, ಅತ್ತಿಗೆ. ಹೆಸರೂ ನಾನು ಹೇಳಿದ್ದೇ," ಅಂದ ಮೈದುನ ಜಗದೀಶ. "ಅಣ್ಣ ಸತ್ತು ಒಂಬತ್ತು ವರ್ಷ ಆಯ್ತು. ಸತ್ತೋನಿಗೆ ಬಸ್ ಶೆಡ್ಡು ಯಾತಕ್ಕೆ?"

"ನಿನ್ನ ಮಾವ ಏನು ಬಸ್ಸಿಗೆ ಕಾಯ್ತಾ ಕೂತಿದ್ದಾನೇನೋ? ಅವನೂ ಸತ್ತೋನೇ!"

ಜಗದೀಶನ ಮುಖ ಕೆಂಪಾಯಿತು. "ಬಾಯಿ ಬಿಗಿ ಹಿಡೀರಿ. ನಾಳೆ ನನ್ನ ಮಗಳು ಗೀತಾಂಜಲಿ ವೀಳ್ಯಶಾಸ್ತ್ರ, ಪುಲ್ಪಳ್ಳಿ ಛತ್ರದಲ್ಲಿ. ಗಂಡಿನ ಕಡೆಯೋರನ್ನ ನಾನೇ ಆಚೆ ದಡದಿಂದ ದೋಣೀಲಿ ಕರ್ಕೊಂಡು ಬರ್ತೀನಿ, ಹತ್ತು ಗಂಟೆ ಬಸ್ಸಿಗೆ. ನೀವು ಛತ್ರಕ್ಕೆ ಬರೋದು ಬೇಡ. ಮುತ್ತೈದೆಯರು ಓಡಾಡೋ ಜಾಗ. ಇಲ್ಲೇ ಇದ್ದು ಕಂಬಕ್ಕೆ ಬಟ್ಟೆ ಕಟ್ಟಿ, ಸಾಕು."

ಆ ಗಡಿ ಜಿಲ್ಲೆಗೆ ರೈಲಂತೂ ಬರಲಿಲ್ಲ. ಹೊಳೆದಂಡೆಯ ಮರಕ್ಕಡವು ಊರಿಗೆ ಇದ್ದದ್ದು ದಿನಕ್ಕೆರಡು ಸಲ ಬರುವ ಈ ಒಂದು ಬಸ್ಸು. ಹತ್ತುವವರು ಕಡಿಮೆಯಾದ ಮೇಲೆ ಅದು ಕೆಳಗಿನ ದೋಣಿ ಕಡವಿನ ತನಕ ಇಳಿಯುವುದನ್ನೇ ಬಿಟ್ಟಿತು. ದಾರಿಯ ಉಳಿದ ಶೆಡ್ಡುಗಳಲ್ಲಿ ಮೇಕೆ ಕಟ್ಟುತ್ತಿದ್ದರು. ಈ ಶೆಡ್ಡಿನ ಕಂಬದಲ್ಲಿ ಕೆಂಪು ಬಟ್ಟೆ ಕಂಡರೆ ಮಾತ್ರ ದೋಣಿಯಲ್ಲಿ ಜನ ಬರುತ್ತಿದ್ದಾರೆಂದು ಅರ್ಥ. ಆಗ ಡ್ರೈವರ್ ಷಿಬು ಬಸ್ಸನ್ನು ಕೆಳಗಿಳಿಸಿ ಕಾಯುತ್ತಿದ್ದ. ಇಲ್ಲದಿದ್ದರೆ ಮೇಲಿನ ತಿರುವಿನಲ್ಲೇ ಬಸ್ಸು ತಿರುಗಿಸಿಕೊಂಡು ಹೋಗುತ್ತಿದ್ದ. ಫೋನು ಮಾಡೋಣವೆಂದರೆ ಎರಡು ರಾಜ್ಯಗಳ ನಡುವಿನ ಆ ಹೊಳೆಯ ಹತ್ತಿರ ಯಾವ ರಾಜ್ಯದ ರೇಂಜೂ ಸಿಗುತ್ತಿರಲಿಲ್ಲ. ಆ ಪದ್ಧತಿ ಮಾಡಿದವನೂ ಮಲ್ಲಿಗಮ್ಮನ ಗಂಡ ಮಾದಪ್ಪನೇ. ಹೊಳೆಯಿಂದ ತಲೆಯ ಮೇಲೆ ಕಲ್ಲು ಹೊತ್ತು ಶೆಡ್ಡು ಕಟ್ಟಿದವನೂ ಅವನೇ. ಅವನು ಹೋದ ಮೇಲೆ ಕಸ ಗುಡಿಸಿ, ಬಟ್ಟೆ ಕಟ್ಟುತ್ತ ಬಂದವಳು ಮಲ್ಲಿಗಮ್ಮ. ಅವಳು ಕೇಳಿದ್ದು ಒಂದೇ, ಗೋಡೆಯ ಮೇಲೆ ಗಂಡನ ಹೆಸರು.

"ಹೆಸರು ಅಳಿಸ್ತೀಯೋ ಇಲ್ವೋ?"

"ಇಲ್ಲ."

"ಸರಿ," ಅಂದಳು. ಜಗದೀಶ ಅದನ್ನು ಒಪ್ಪಿಗೆ ಅಂದುಕೊಂಡ.

ಮರುದಿನ ಆಚೆ ದಡದಲ್ಲಿ ಜನ ದೋಣಿ ಹತ್ತುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಅವಳು ಕಂಬದ ಗೂಟದಿಂದ ಕೆಂಪು ಬಟ್ಟೆ ತೆಗೆದಳು. ಎರಡು ಸೀರೆ, ಗಂಡನ ಫೋಟೋ ಅದರಲ್ಲೇ ಗಂಟು ಕಟ್ಟಿದಳು. ಏರು ಹತ್ತುವಾಗ ಗೀತಾಂಜಲಿಯ ಮುಖ ಕಣ್ಣ ಮುಂದೆ ಬಂತು. ಎತ್ತಿ ಆಡಿಸಿದ ಮಗು. ಆ ಮಗುವಾದರೂ ದೊಡ್ಡಮ್ಮ ಬರಲಿ ಅಂದಿತೇ? ಹಲ್ಲು ಕಚ್ಚಿ ಮುಂದೆ ನಡೆದಳು.

ತಿರುವಿನಲ್ಲಿ ಷಿಬು ಬಸ್ಸಿನಿಂದ ತಲೆ ಹೊರಗೆ ಹಾಕಿ, ಮಲಯಾಳದಲ್ಲಿ ಅಕ್ಕಾ ಎಂದು ಕರೆದ. "ಚೇಚ್ಚಿ, ಬಟ್ಟೆ ಕಾಣ್ತಿಲ್ಲ. ಕೆಳಗೆ ಆಳುಂಡೋ, ಯಾರಾದ್ರೂ ಇದ್ದಾರಾ?"

"ಒಂದು ನರಪಿಳ್ಳೆಯೂ ಇಲ್ಲ. ತಿರುಗಿಸು."

ಅವಳು ಹತ್ತಿ ಕೂತಳು. ಬಸ್ಸು ತಿರುಗುವಾಗ ಕಿಟಕಿಯಲ್ಲಿ ಹೊಳೆ ಕಂಡಿತು. ನಡುನೀರಿನಲ್ಲಿ ದೋಣಿ. ಅದರಲ್ಲಿ ಬಿಳಿ ಪಂಚೆಯ ಜಗದೀಶ ಎದ್ದು ನಿಂತು ಎರಡೂ ಕೈ ಬೀಸುತ್ತಿದ್ದ. ಜರಿ ಸೀರೆಯವರು ಅವನನ್ನು ಹಿಡಿದು ಕೂರಿಸುತ್ತಿದ್ದರು. ಹನ್ನೊಂದೂವರೆಯ ಮುಹೂರ್ತ. ಏರು ಹತ್ತಿ ರೇಂಜು ಹುಡುಕಿ, ಜೀಪು ತರಿಸುವಷ್ಟರಲ್ಲಿ ಅದು ಮುಗಿದಿರುತ್ತದೆ.

"ಎಲ್ಲಿಗೆ ಚೇಚ್ಚಿ?"

"ಮೀನಂಗಡಿ ಊರಿಗೆ, ತಂಗಿ ಮನೆಗೆ."

"ಸಂಜೆ ಟ್ರಿಪ್ಪಿಗೆ ವಾಪಸ್ ಬರ್ತೀರಲ್ಲ? ಬಟ್ಟೆ ಕಟ್ಟೋರು ಯಾರು?"

"ಗೋಡೆ ಮೇಲೆ ಹೆಸರಿದೆಯಲ್ಲ, ಅವನನ್ನೇ ಕೇಳು," ಅಂದಳು. ಮತ್ತೆ ಅವಳು ಮರಕ್ಕಡವಿನ ಕಡೆ ತಲೆ ಹಾಕಲಿಲ್ಲ.