ಇಳಿಜಾರಿನ ಉಳಿತಾಯ

ಎಂಬತ್ನಾಲ್ಕನೇ ಇಸವಿಯಲ್ಲಿ ವಿಠ್ಠಲಾಚಾರ್ಯರು ತಮ್ಮ ಲಾರಿಗೆ ಎಂಜಿನ್ನಿನ ಶಕ್ತಿ ಹೆಚ್ಚಿಸುವ ಟರ್ಬೊ ಹಾಕಿಸಿದ್ದು ಭಾರ ಎಳೆಯಲೆಂದಲ್ಲ, ಷಡ್ಡಕನ ಲಾರಿಯನ್ನು ಹಿಂದೆ ಹಾಕಲಿಕ್ಕೆ. ರಾಯಚೂರಿನ ನನ್ನ ಗ್ಯಾರೇಜಿನಲ್ಲಿ ಅದರ ಜೊತೆಗೇ ಎಕ್ಸಾಸ್ಟ್ ಬ್ರೇಕನ್ನೂ ಕೂಡಿಸಿದೆ. "ಇದು ಹೊಗಿ ಹೋಗೋ ದಾರಿ ಮುಚ್ಚಿ, ಎಂಜಿನ್ನಿಂದನ ಗಾಡಿ ತಡೀತದ್ರಿ. ಗೇರಿನ್ಯಾಗ ಇದ್ರ ಮಾತ್ರ," ಎಂದು ಆಚಾರ್ಯರಿಗೂ ಅವರ ಡ್ರೈವರ್ ಪೀರಾ ಸಾಬನಿಗೂ ಬಾಯಿ ಒಣಗುವ ಹಾಗೆ ಹೇಳಿದೆ. ಇಬ್ಬರೂ ಲಾರಿಪೂಜೆಗೆ ಒಡೆದ ಕಾಯಿಹೋಳು ತಿನ್ನುತ್ತಾ ತಲೆಯಾಡಿಸಿದರು.

ಮಾನ್ವಿಯಲ್ಲಿ ಭತ್ತ ಹೇರಿಕೊಂಡು ಮೂವರೂ ದೇವದುರ್ಗದ ಕಡೆ ಹೊರಟೆವು. ಏರಿನಲ್ಲಿ ಲಾರಿ ಟರ್ಬೊದ ಶಿಳ್ಳೆ ಹಾಕುತ್ತಾ ಬಸ್ಸೊಂದನ್ನು ಹಿಂದಿಕ್ಕಿತು. ಆಚಾರ್ಯರು ಬಸ್ಸಿನವರಿಗೆ ಕೈ ಬೀಸಿದರು.

ದಿಬ್ಬದ ತುದಿ ದಾಟಿದ ಕೂಡಲೇ ಪೀರಾ ಸಾಬ್ ರೂಢಿಯಂತೆ ಗೇರು ತೆಗೆದು ನ್ಯೂಟ್ರಲ್ ಮಾಡಿದ. ಇಳಿಜಾರಿನಲ್ಲಿ ಡೀಸೆಲ್ ಸುಡಬಾರದೆಂಬುದು ಆಚಾರ್ಯರಿಗೆ ಏಕಾದಶಿಯ ಉಪವಾಸದಷ್ಟೇ ಕಟ್ಟುನಿಟ್ಟು. ಆಮೇಲೆ ಗತ್ತಿನಿಂದ ಹೊಸ ಬ್ರೇಕಿನ ಹಿಡಿಕೆ ಎಳೆದ. ಲಾರಿಗೆ ಅದು ಗೊತ್ತೇ ಆಗಲಿಲ್ಲ. ಕಾಲಿನ ಬ್ರೇಕು ಅಷ್ಟು ಭಾರಕ್ಕೆ ಬರೀ ಸುಟ್ಟ ವಾಸನೆ ಕೊಟ್ಟಿತು.

"ಗೇರ್ ಹಾಕಲೇ, ಮಂಗ್ಯಾ," ಎಂದೆ.

ಪೀರಾ ಸಾಬ್ ಅಪ್ಪಣೆಗಾಗಿ ಯಜಮಾನರ ಮುಖ ನೋಡಿದ. ಯಜಮಾನರು ಡೀಸೆಲ್ಲೋ ಪ್ರಾಣವೋ ಎಂದು ಯೋಚಿಸಿದರು. ಯೋಚನೆ ಮುಗಿಯುವ ಮೊದಲೇ ರಸ್ತೆ ತಿರುಗಿತು, ನಾವು ತಿರುಗಲಿಲ್ಲ. ಲಾರಿ ಯಾರದೋ ಹುಲ್ಲಿನ ಬಣವೆಯೊಳಗೆ ಹೊಕ್ಕು ನಿಂತಿತು.

ಆಚಾರ್ಯರು ಬಾಯೊಳಗಿನ ಹುಲ್ಲು ಉಗಿದು, ಧೋತರ ಕೊಡವಿಕೊಂಡು ನನ್ನ ಕಡೆ ತಿರುಗಿದರು.

"ನಿನ್ನ ಬ್ರೇಕು ಹಿಡೀತದ ಬಿಡು, ಸೈಫುದ್ದೀನ," ಎಂದರು. "ಆದ್ರ ಇಷ್ಟು ತಡಾ ಮಾಡಿದ್ರ ಹೆಂಗ?"