ಅನುಮಾನದ ಮೊಟ್ಟೆ

"ನಾಲಿಗೆ ಹೊರಗೆ ಹಾಕೇ ಮುಂಡೇದೆ. ಪೂರ್ತಿ ಹಾಕು. ಹಲ್ಲಿನ ಹಿಂದೆ ಏನ್ ಬಚ್ಚಿಟ್ಟಿದೀಯ?"

ಮೇಸ್ತ್ರಿ ಟಾರ್ಚು ಹಿಡಿದು ಬಗ್ಗಿದ. ದೀಪದಮ್ಮ ನಾಲಿಗೆಯನ್ನು ಎಷ್ಟು ಉದ್ದ ಚಾಚಿದಳೆಂದರೆ ಅದು ಅವನ ಮೂಗಿಗೆ ತಾಗಲು ಒಂದು ಬೆರಳಷ್ಟು ಬಾಕಿ ಇತ್ತು. ಅವನು ಥೂ ಎಂದು ಹಿಂದೆ ಸರಿದ. ಸಾಲಿನಲ್ಲಿ ನಿಂತಿದ್ದ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಕೋಳಿ ಫಾರಂನ ಮೊಟ್ಟೆ ಶೆಡ್ಡಿನಿಂದ ಮನೆಗೆ ಹೊರಡುವ ಪ್ರತಿ ಹೆಂಗಸೂ ಗೇಟಿನಲ್ಲಿ ಹೀಗೆ ಬಾಯಿ ತೆರೆಯಬೇಕು. ನಾಲಿಗೆಯ ಮೇಲೆ ಕದ್ದು ತಿಂದ ಮೊಟ್ಟೆಯ ಹಳದಿ ಕಂಡರೆ ಅವಳಿಗೆ ಅಂದೇ ಕೊನೆಯ ದಿನ. ದೀಪದಮ್ಮ ಒಂದು ಸಲ ಟ್ರೇಗಳಿಗೆ ಗುರುತು ಹಾಕುವ ಹಳದಿ ಸೀಮೆಸುಣ್ಣವನ್ನು ನಾಲಿಗೆಗೆ ಉಜ್ಜಿಕೊಂಡು ಬಂದಿದ್ದಳು. ಕಳ್ಳಿ ಸಿಕ್ಕಳೆಂದು ಮೇಸ್ತ್ರಿ ಊಟಕ್ಕೆ ಕೂತಿದ್ದ ಧಣಿಯನ್ನೇ ಎಬ್ಬಿಸಿಕೊಂಡು ಬಂದ. ಎಂಜಲು ಕೈಯಲ್ಲೇ ಓಡಿ ಬಂದ ಧಣಿಯ ಮುಂದೆ ಅವಳು ಸೀಮೆಸುಣ್ಣದ ತುಂಡು ತೋರಿಸಿ, ಬಾಯಿ ರುಚಿ ಕೆಟ್ಟಿತ್ತು ಧಣಿ, ಎಂದಿದ್ದಳು. ಅಂದು ಬೈಸಿಕೊಂಡದ್ದು ಮೇಸ್ತ್ರಿ. ಆ ಸಿಟ್ಟು ಅವನಿಗೆ ಇನ್ನೂ ಇಳಿದಿರಲಿಲ್ಲ.

ಅವಳನ್ನು ಓಡಿಸಿಬಿಡಬಹುದಿತ್ತು. ಆದರೆ ಅವಳ ಕಣ್ಣನ್ನು ಎಲ್ಲಿಂದ ತರುವುದು? ಶೆಡ್ಡಿನ ಒಳಗೆ ಒಂದು ಕತ್ತಲೆ ಕೋಣೆ. ಅಲ್ಲಿ ಎಂಟು ಪೆಟ್ಟಿಗೆ, ಪೆಟ್ಟಿಗೆಗೊಂದು ದೀಪ, ದೀಪದ ಮುಂದೆ ರೂಪಾಯಿ ಅಗಲದ ತೂತು. ತೂತಿಗೆ ಮೊಟ್ಟೆ ಹಿಡಿದು ಒಮ್ಮೆ ತಿರುಗಿಸಿದರೆ ಒಳಗಿನದೆಲ್ಲ ಕಾಣುತ್ತದೆ. ಕೂದಲೆಳೆಯಂಥ ಬಿರುಕು, ರಕ್ತದ ಚುಕ್ಕೆ, ಹಳತಾಗಿ ಅಲ್ಲಾಡುವ ಲೋಳೆ ಎಲ್ಲ ಅವಳಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ತಿಳಿಯುತ್ತಿತ್ತು. ಉಳಿದ ಏಳು ಹೆಂಗಸರಿಗೂ ಕಲಿಸಿದ್ದು ಅವಳೇ. ಮೇಸ್ತ್ರಿ ಮಾತ್ರ ಕಲಿಯಲಿಲ್ಲ. ಹೆಂಗಸರ ಕೆಲಸ ಕಲಿತರೆ ಮೀಸೆ ಉದುರುತ್ತದೆ ಎಂಬಂತೆ ಆ ಕೋಣೆಯ ಹೊಸ್ತಿಲಲ್ಲೇ ನಿಂತು ಕೂಗಾಡುತ್ತಿದ್ದ.

ಬಿರುಕು ಬಿಟ್ಟ ಮೊಟ್ಟೆ, ಬಿರುಕಿನ ಅನುಮಾನ ಬಂದ ಮೊಟ್ಟೆ ಕೂಡ, ಮಾರುವಂತಿಲ್ಲ. ತಿನ್ನುವಂತೆಯೂ ಇಲ್ಲ. ಶೆಡ್ಡಿನ ಹಿಂದಿನ ಸುಣ್ಣದ ಗುಂಡಿಗೆ ಸುರಿಯಬೇಕು. ಒಡೆದದ್ದನ್ನು ತಿನ್ನಲು ಬಿಟ್ಟರೆ ನಾಳೆ ತಿನ್ನುವುದಕ್ಕಾಗಿಯೇ ಒಡೆಯುತ್ತೀರಿ ಎಂಬುದು ಧಣಿಯ ವಾದ. ದಿನಕ್ಕೆ ನಾಲ್ಕೈದು ಬುಟ್ಟಿ ಗುಂಡಿಗೆ ಬೀಳುತ್ತಿತ್ತು. ಅದನ್ನು ಸುರಿಯುವ ಕೆಲಸ ದೀಪದಮ್ಮನ ಸೊಸೆಯದು. ಅವಳಿಗೆ ಏಳು ತಿಂಗಳು. ಬೆಳಿಗ್ಗೆ ಗಂಜಿ, ಮಧ್ಯಾಹ್ನ ತಣ್ಣನೆಯ ಅನ್ನಕ್ಕೆ ಉಪ್ಪು ಮೆಣಸು, ಮತ್ತೆ ಸಂಜೆ ಗಂಜಿ. ಬುಟ್ಟಿ ಎತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಎರಡು ಸಲ ಗುಂಡಿಯ ಅಂಚಿನಲ್ಲಿ ಕುಸಿದು ಕೂತಿದ್ದಳು. ದೀಪದಮ್ಮನಿಗೆ ಮೊದಲನೆಯ ಮೊಮ್ಮಗು ಹೊಟ್ಟೆಯಲ್ಲೇ ಹೋದದ್ದು ಮರೆತಿರಲಿಲ್ಲ. ಇದೂ ಹಾಗೆ ಆದೀತೆಂಬ ಭಯ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ಕೋಳಿಗಳ ಯೋಗಕ್ಷೇಮ ಮಾತ್ರ ಚೆನ್ನಾಗಿತ್ತು. ಅವುಗಳ ಮನೆಯ ಬಾಗಿಲಲ್ಲಿ ಬೋರ್ಡು ನೇತು ಹಾಕಿದ್ದರು. ಜೋಳ ಇಷ್ಟು, ಸೋಯಾ ಹಿಂಡಿ ಇಷ್ಟು, ಒಣಮೀನಿನ ಪುಡಿ ಇಷ್ಟು, ಚಿಪ್ಪಿನ ಚೂರು ಇಷ್ಟು. ಕೆಳಗೆ ಕೆಂಪು ಅಕ್ಷರದಲ್ಲಿ, ಪ್ರೋಟೀನ್ ನೂರಕ್ಕೆ ಹದಿನೆಂಟಕ್ಕಿಂತ ಕಡಿಮೆಯಾಗಕೂಡದು. ಒಂದು ವಾರ ಹದಿನಾರಕ್ಕೆ ಇಳಿದದ್ದಕ್ಕೆ ಧಣಿ ಮೇವು ಕಲಸುವವನ ಕೆನ್ನೆಗೆ ಬಾರಿಸಿದ್ದ. ಕೋಳಿ ಉಪವಾಸ ಬಿದ್ದರೆ ಮೊಟ್ಟೆ ಎಲ್ಲಿಂದ ಬರುತ್ತೋ ಬೋಳಿಮಗನೆ, ಎಂದು ಅಂದು ಕೇಳಿದ್ದು ಇಡೀ ಫಾರಂಗೆ ಕೇಳಿಸಿತ್ತು.

ಇಂಥ ಧಣಿಗೆ ಆ ತಿಂಗಳು ಹೆಂಗಸರ ಆರೋಗ್ಯದ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಮೊಟ್ಟೆ ಕೊಳ್ಳುವ ದೊಡ್ಡ ಕಂಪನಿಯವರು, ನಿಮ್ಮ ಕೆಲಸಗಾರರನ್ನು ಹೇಗೆ ನೋಡಿಕೊಳ್ಳುತ್ತೀರಿ, ಫೋಟೋ ಕಳಿಸಿ ಎಂದಿದ್ದರು. ಒಬ್ಬ ಡಾಕ್ಟರಮ್ಮ ಬಂದಳು, ಒಬ್ಬ ಫೋಟೋದವನು ಬಂದ. ಶೆಡ್ಡಿನ ಮುಂದೆ ಮೇಜು ಹಾಕಿ ಹಾಲು, ಬೇಳೆ, ಸೊಪ್ಪು, ಹಣ್ಣು, ಕಡಲೆಬೀಜ ಜೋಡಿಸಿದರು. ನಡುವೆ ಒಂದು ಬುಟ್ಟಿ ಬೇಯಿಸಿದ ಮೊಟ್ಟೆ. ಹೆಂಗಸರನ್ನು ನೆಲದ ಮೇಲೆ ಕೂರಿಸಿದರು.

ಡಾಕ್ಟರಮ್ಮ ಒಳ್ಳೆಯವಳೇ. ಅಕ್ಕರೆಯಿಂದಲೇ ಹೇಳಿದಳು. ಬರೀ ಅನ್ನ ತಿಂದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಅನ್ನದ ಜೊತೆ ಬೇಳೆ ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ದಿನಕ್ಕೊಂದು ಮೊಟ್ಟೆ, ಎರಡು ಲೋಟ ಹಾಲು, ಒಂದು ಹಿಡಿ ಸೊಪ್ಪು, ಒಂದು ಹಣ್ಣು. ಬಸುರಿಗೆ ಇನ್ನೂ ಸ್ವಲ್ಪ ಜಾಸ್ತಿ. ಸೊಪ್ಪು, ಹಣ್ಣು, ಮೊಟ್ಟೆ ಇಲ್ಲದವರಿಗೆ ಮಸಕು ಬೆಳಕಿನಲ್ಲಿ ಕಣ್ಣು ಮಂಕಾಗುತ್ತದೆ. ಹೆಂಗಸರು ರಾಜಕುಮಾರನ ಕಥೆ ಕೇಳುವಂತೆ ಬಾಯಿ ಬಿಟ್ಟು ಕೇಳಿದರು.

ದೀಪದಮ್ಮ ಕೈ ಎತ್ತಿದಳು. "ಅಮ್ಮಾ, ಇದೆಲ್ಲಾ ಒಬ್ಬರು ತಿನ್ನೋದಾ, ಇಲ್ಲಾ ಮನೆ ಮಂದಿಯೆಲ್ಲಾ ಹಂಚ್ಕೊಂಡು ತಿನ್ನೋದಾ?"

ಡಾಕ್ಟರಮ್ಮ ಮೇಜಿನ ಕಡೆ ನೋಡಿದಳು. ಒಬ್ಬರು, ಎಂದಳು. ಹಿಂದಿನಿಂದ ಯಾರೋ, ಹಾಗಾದ್ರೆ ನಾವು ಅರ್ಧ ಅರ್ಧ ಮನುಷ್ಯರು ಬಿಡಮ್ಮ, ಎಂದರು. ನಗು ಎದ್ದಿತು.

ಸೊಸೆಯ ಬೆರಳು ಚುಚ್ಚಿ ರಕ್ತ ನೋಡಿದ ಡಾಕ್ಟರಮ್ಮನ ಮುಖ ಸಪ್ಪಗಾಯಿತು. ತುಂಬಾ ಕಡಿಮೆ ಇದೆ, ಹೀಗೇ ಬಿಟ್ಟರೆ ತಾಯಿಗೂ ಕಷ್ಟ, ಮಗುವಿಗೂ ಕಷ್ಟ ಎಂದು ಚೀಟಿ ಬರೆದಳು. ಮಾತ್ರೆ ಕೊಟ್ಟಳು. ಊಟ ಸರಿಯಾಗದೆ ಬರೀ ಮಾತ್ರೆ ಸಾಲದು ಎಂದು ಧಣಿಗೂ ಹೇಳಿದಳು. ಧಣಿ ತಲೆಯಾಡಿಸುತ್ತ ಚೀಟಿಯನ್ನು ಜೇಬಿಗಿಳಿಸಿದ.

ಆಮೇಲೆ ಫೋಟೋ. ಧಣಿ ಸೊಸೆಗೆ ಮೊಟ್ಟೆ ಕೊಡಬೇಕು, ಅವಳು ನಗುತ್ತ ಬಾಯಿಯ ಹತ್ತಿರ ಹಿಡಿಯಬೇಕು, ಕ್ಲಿಕ್ ಆದಮೇಲೆ ಬುಟ್ಟಿಗೆ ವಾಪಸ್ ಇಡಬೇಕು. ಮೇಸ್ತ್ರಿ ಮೂರು ಸಲ ತಾಲೀಮು ಮಾಡಿಸಿದ. ನಾಲ್ಕನೆಯ ಸಲ ಕೈಗೆ ಮೊಟ್ಟೆ ಬಂದಾಗ ಸೊಸೆ ಅದನ್ನು ಬಾಯಿಗೆ ಒಯ್ಯಲಿಲ್ಲ. ಸೂರ್ಯನಿಗೆ ಎತ್ತಿ ಹಿಡಿದು ಒಮ್ಮೆ ತಿರುಗಿಸಿ ನೋಡಿದಳು. ಆ ಶೆಡ್ಡಿನ ಹೆಂಗಸರೆಲ್ಲರ ಕೈಗೂ ಅಂಟಿಕೊಂಡ ಚಾಳಿ ಅದು.

"ಅತ್ತೆ, ಇದು ಬಿರುಕು ಬಿಟ್ಟಿದೆ," ಎಂದಳು.

ಬೇಯುವಾಗ ಬಿಟ್ಟ ಬಿರುಕು. ದೀಪದಮ್ಮ ಎದ್ದು ಬಂದು ಬುಟ್ಟಿಯಲ್ಲಿದ್ದದ್ದನ್ನೆಲ್ಲ ಒಂದೊಂದಾಗಿ ತಿರುಗಿಸಿದಳು. ಎಲ್ಲಕ್ಕೂ ಅಲ್ಲಲ್ಲಿ ಸೀಳು. ಅವಳು ಡಾಕ್ಟರಮ್ಮನಿಗೆ ಕೇಳಿಸುವಂತೆ ಧಣಿಯನ್ನು ಕೇಳಿದಳು.

"ಧಣಿ, ಇವೆಲ್ಲಾ ಒಡೆದಿರೋವು. ಯಾವಾಗಿನ ಹಾಗೆ ಸುಣ್ಣದ ಗುಂಡಿಗೆ ಸುರೀಲಾ? ಇಲ್ಲಾ ಇವತ್ತು ತಿನ್ನಬಹುದಾ?"

ಡಾಕ್ಟರಮ್ಮ, ಯಾವ ಸುಣ್ಣದ ಗುಂಡಿ ಎಂದು ಧಣಿಯ ಕಡೆ ತಿರುಗಿದಳು. ಫೋಟೋದವನು ಕ್ಯಾಮೆರಾ ಇಳಿಸದೆ ಕಾಯುತ್ತಿದ್ದ. ಧಣಿಯ ಹಲ್ಲು ಮಾತ್ರ ನಗುತ್ತಿತ್ತು. "ತಿನ್ರಮ್ಮ, ತಿನ್ರಿ. ನಿಮಗೋಸ್ಕರಾನೇ ತಂದಿದ್ದು."

ಅವನು ಮಾತು ಮುಗಿಸುವುದರೊಳಗೆ ಬುಟ್ಟಿ ಖಾಲಿ. ಹಾಲಿನ ಲೋಟ ಕೈಯಿಂದ ಕೈಗೆ ಹೋಗಿ ಬರಿದಾಯಿತು, ಹಣ್ಣು ಹಂಚಿಹೋಯಿತು, ಕಡಲೆಬೀಜ ಸೊಂಟಕ್ಕೆ ಸೇರಿತು. ಒಬ್ಬಾಕೆ ಬೇರೇನೂ ಸಿಗದೆ ಹಸಿ ಸೊಪ್ಪನ್ನೇ ಜಗಿಯುತ್ತ ನಿಂತಳು. ಸಂಜೆ ಗೇಟಿನಲ್ಲಿ ಮೇಸ್ತ್ರಿ ಯಾರ ಬಾಯನ್ನೂ ನೋಡಲಿಲ್ಲ. ಬದಲಿಗೆ ಧಣಿ ಕೊಟ್ಟ ಡಾಕ್ಟರಮ್ಮನ ಚೀಟಿಯನ್ನು ದೀಪದಮ್ಮನಿಗೆ ತೋರಿಸಿದ.

"ನಿನ್ನ ಸೊಸೆಗೆ ರಕ್ತ ಇಲ್ವಂತೆ. ಡಾಕ್ಟರೇ ಬರೆದಿದಾಳೆ. ರಕ್ತ ಇಲ್ಲದೋಳು ನಮಗ್ಯಾಕೆ? ನಾಳೆಯಿಂದ ಬರೋದು ಬೇಡ. ನಿಂಗೆ ನಾಲಿಗೆ ಉದ್ದ ಅಲ್ವಾ, ಅನುಭವಿಸು."

ಸೊಸೆ ದಾರಿಯುದ್ದಕ್ಕೂ ಅತ್ತಳು. ಅವಳ ಕೂಲಿ ನಿಂತರೆ ಇರುವ ಗಂಜಿಯೂ ಅರ್ಧವಾಗುತ್ತಿತ್ತು. ನೀವು ಸುಮ್ಮನಿದ್ದಿದ್ದರೆ ಆಗುತ್ತಿತ್ತು ಅತ್ತೆ, ಎಂದಳು. ಆ ಮಾತು ದೀಪದಮ್ಮನ ಎದೆಗೆ ನಾಟಿತು. ಮನೆ ಹತ್ತಿರ ಬಂದಾಗ, ನಾಳೆ ನೀನೂ ಬಾ, ದೊಡ್ಡ ಪಾತ್ರೆ ತಗೊಂಡು ಗೇಟಿನ ಹೊರಗೆ ಕೂತಿರು ಎಂದಷ್ಟೇ ಹೇಳಿದಳು. ಆಮೇಲೆ ಉಳಿದ ಏಳು ಮನೆಗಳಿಗೂ ಹೋಗಿ ಬಂದಳು.

ಮರುದಿನ ಲಾರಿ ಬೆಳಿಗ್ಗೆಯೇ ಬಂದು ನಿಂತಿತ್ತು. ಕತ್ತಲೆ ಕೋಣೆಯಲ್ಲಿ ಎಂಟು ದೀಪ ಹತ್ತಿದವು. ದೀಪದಮ್ಮ ಮೊದಲ ಮೊಟ್ಟೆ ಹಿಡಿದಳು, ತಿರುಗಿಸಿದಳು, ಬೇಡದ ಬುಟ್ಟಿಗೆ ಇಟ್ಟಳು. ಎರಡನೆಯದೂ ಅಲ್ಲಿಗೇ. ಮೂರನೆಯದೂ ಅಲ್ಲಿಗೇ. ಎಂಟೂ ಪೆಟ್ಟಿಗೆಗಳಲ್ಲಿ ಅದೇ ಕಥೆ. ಹೊತ್ತು ಏರುವಷ್ಟರಲ್ಲಿ ಬೇಡದ ಬುಟ್ಟಿಗಳು ಗೋಡೆಯುದ್ದಕ್ಕೂ ತುಂಬಿದವು. ಲಾರಿಗೆ ಒಂದು ಟ್ರೇಯೂ ಏರಲಿಲ್ಲ.

ಮೇಸ್ತ್ರಿಯ ಕೂಗಿಗೆ ಧಣಿ ಓಡಿ ಬಂದ. ಬುಟ್ಟಿಯಿಂದ ಒಂದು ಮೊಟ್ಟೆ ಎತ್ತಿ, ಇದರಲ್ಲಿ ಎಲ್ಲಿದೆ ಬಿರುಕು ಎಂದು ಗದರಿಸಿದ.

"ಇದೆಯೋ ಇಲ್ವೋ ಗೊತ್ತಾಗ್ತಿಲ್ಲ ಧಣಿ," ಎಂದಳು ದೀಪದಮ್ಮ. "ಕಣ್ಣು ಮಂಕಾಗಿದೆ. ಮೊಟ್ಟೆ, ಸೊಪ್ಪು ಇಲ್ಲದೋರಿಗೆ ಮಸಕು ಬೆಳಕಲ್ಲಿ ಕಣ್ಣು ಕಾಣಲ್ಲ ಅಂತ ಡಾಕ್ಟರಮ್ಮ ನಿಮ್ಮ ಮುಂದೇನೇ ಹೇಳಿದ್ರಲ್ಲ. ಅನುಮಾನ ಬಂದ ಮೊಟ್ಟೆ ಲಾರಿಗೆ ಹಾಕಬಾರ್ದು ಅಂತ ನೀವೇ ಹೇಳಿದೀರಿ. ನನಗೆ ಎಲ್ಲದರ ಮೇಲೂ ಅನುಮಾನ."

ಉಳಿದವರೂ ಕಣ್ಣುಜ್ಜಿಕೊಂಡರು. ನಿಮ್ಮನ್ನೆಲ್ಲ ಇವತ್ತೇ ಓಡಿಸುತ್ತೇನೆ ಎಂದು ಧಣಿ ಅರಚಿದ. ಎಂಟೂ ಹೆಂಗಸರು ಒಟ್ಟಿಗೆ ಎದ್ದರು. ದೀಪದಮ್ಮ ತನ್ನ ಮಣೆಯನ್ನು ಕೈಯಿಂದ ಒರೆಸಿ ಧಣಿಯ ಕಡೆ ಸರಿಸಿದಳು.

"ಆಯ್ತು ಧಣಿ. ಕೂತ್ಕೊಳ್ಳಿ. ಮಧ್ಯಾಹ್ನದೊಳಗೆ ಲಾರಿ ಹೊರಡಬೇಕಲ್ಲ."

ಅವರು ಬೇಡದ ಬುಟ್ಟಿಗಳಲ್ಲಿ ಒಂದನ್ನು ಇಬ್ಬಿಬ್ಬರಂತೆ ಕೈ ಬದಲಿಸುತ್ತ ಎತ್ತಿಕೊಂಡು, ಸುಣ್ಣದ ಗುಂಡಿಯ ದಾರಿ ಬಿಟ್ಟು, ನೇರ ಗೇಟಿನ ಕಡೆ ನಡೆದರು. ಮೇಸ್ತ್ರಿ ತಡೆಯಲೆಂದು ಎರಡು ಹೆಜ್ಜೆ ಇಟ್ಟ. ಒಳಗಿನಿಂದ ಧಣಿ, ಇಲ್ಲಿ ಬಾರೋ ಕತ್ತೆ, ಇದರಲ್ಲಿ ಏನು ನೋಡಬೇಕೋ, ಎಂದು ಕೂಗಿದ. ಮೇಸ್ತ್ರಿ ವಾಪಸ್ ಓಡಿದ. ಇಬ್ಬರೂ ಒಂದೇ ತೂತಿಗೆ ಕಣ್ಣಿಟ್ಟು, ಒಬ್ಬ ಬಿರುಕು ಎಂದರೆ ಇನ್ನೊಬ್ಬ ಅಲ್ಲ ಎನ್ನುತ್ತ, ಸಾವಿರಾರು ಮೊಟ್ಟೆಗಳ ನಡುವೆ ಕೂತರು.

ಗೇಟಿನ ಹೊರಗೆ ಸೊಸೆ ಮೂರು ಕಲ್ಲು ಹೂಡಿ ಪಾತ್ರೆ ಇಟ್ಟಿದ್ದಳು. ನೀರು ಕುದಿಯುತ್ತಿತ್ತು. ಲಾರಿ ಡ್ರೈವರು ಬೇಸತ್ತು ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದ. ದೀಪದಮ್ಮ ಮೊದಲು ಬೆಂದ ಮೊಟ್ಟೆ ಸುಲಿದು ಸೊಸೆಯ ಬಾಯಿಗೇ ಇಟ್ಟಳು. ಸೊಸೆ ಹೆದರಿ ಗೇಟಿನ ಕಡೆ ನೋಡುತ್ತ ಅಗಿದಳು.

"ಆ ಕಡೆ ಯಾಕೆ ನೋಡ್ತೀಯ?" ಎಂದಳು ದೀಪದಮ್ಮ, ಇನ್ನೊಂದನ್ನು ಸುಲಿಯುತ್ತ. "ತಿನ್ನು. ಬಸುರಿಗೆ ಸ್ವಲ್ಪ ಜಾಸ್ತಿ ಅಂತೆ."